ಮುಂಬೈಯಲ್ಲಿ ವೀರ್ಯ ಪರೀಕ್ಷೆ: ಮನೆ ಕಿಟ್, ಗಲ್ಲಿ ಲ್ಯಾಬ್, ಆಂಡ್ರಾಲಜಿ ಲ್ಯಾಬ್. ಯಾವುದಕ್ಕೆ ಹಣ ಕೊಡಬೇಕು?

ಆನ್‌ಲೈನಿನಲ್ಲಿ ತರಿಸುವ ಕಿಟ್, ರಕ್ತ-ಮೂತ್ರದ ಜೊತೆಗೆ ವೀರ್ಯವನ್ನೂ ನೋಡಿಕೊಡುವ ಗಲ್ಲಿಯ ಪೆಥಾಲಜಿ ಲ್ಯಾಬ್, ಫರ್ಟಿಲಿಟಿ ಸೆಂಟರಿನೊಳಗೆ ಗಂಡಸರ ಸಂತಾನಶಕ್ತಿಯನ್ನೇ ನೋಡುವ ಆಂಡ್ರಾಲಜಿ ಲ್ಯಾಬ್: ಮೂರೂ ಇಲ್ಲಿ ಸಿಗುತ್ತವೆ. ಒಂದು ವರ್ಷ ಕಾದೂ ಗರ್ಭ ನಿಲ್ಲದ ದಂಪತಿ ಹಣ ಕೊಡಬೇಕಾದ್ದು ಮೂರನೆಯದಕ್ಕೆ. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು ಕಾದರೆ ಸಾಕು.

ಕಿಟ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಗೆರೆ ಮೂಡಿಸುವ ಬಗೆಯವು ವೀರ್ಯಾಣುಗಳ ಸಂಖ್ಯೆ ಒಂದು ಮಿತಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದಷ್ಟೇ ಹೇಳುತ್ತವೆ. ಅವು ಈಜುತ್ತವೆಯೇ, ಆಕಾರ ಹೇಗಿದೆ, ಸೋಂಕಿನ ಲಕ್ಷಣವಿದೆಯೇ ಎಂಬುದು ತಿಳಿಯದು. ಗೆರೆ ಬಂತೆಂದು ಗಂಡ ನಿಶ್ಚಿಂತನಾಗಿ ಕೂತರೆ, ಕೈಜಾರುವುದು ಹೆಂಡತಿಯ ವಯಸ್ಸು.

ಗಲ್ಲಿ ಲ್ಯಾಬಿನ ದೊಡ್ಡ ತೊಂದರೆ ಗಡಿಯಾರದ್ದು. ಡಬ್ಬಿ ಕೈಗಿತ್ತು 'ಮನೆಯಿಂದ ತನ್ನಿ' ಅನ್ನುತ್ತಾರೆ. ಸ್ಯಾಂಪಲ್ ಅರ್ಧ ಗಂಟೆಯಲ್ಲಿ, ತೀರಾ ತಡವೆಂದರೆ 50 ನಿಮಿಷದಲ್ಲಿ ಲ್ಯಾಬ್ ಸೇರಬೇಕು. ಆಮೇಲೆ ಚಲನೆ ತಾನಾಗಿಯೇ ಕುಸಿಯುತ್ತದೆ. ಡೊಂಬಿವಲಿಯಲ್ಲಿ ಹಿಡಿದ ಡಬ್ಬಿ ಲೋಕಲ್ ಹತ್ತಿ ದಾದರ್ ಮುಟ್ಟುವ ಹೊತ್ತಿಗೆ ಆ ಗಡುವು ಮುಗಿದೇ ಹೋಗಿರುತ್ತದೆ. ಹತ್ತಿರದ ಕೌಂಟರಿಗೆ ಕೊಟ್ಟರೂ, ಅವರು ಅದನ್ನು ಬೈಕಿನಲ್ಲಿ ಮುಖ್ಯ ಲ್ಯಾಬಿಗೆ ಕಳಿಸುವವರಾದರೆ ಪರಿಣಾಮ ಒಂದೇ. ಆ ರಿಪೋರ್ಟಿನಲ್ಲಿ ಚಲನೆ ಶೇ. 10 ಎಂದಿದ್ದರೆ ಅದು ದೇಹದ ದೋಷವೋ ಪ್ರಯಾಣದ ದೋಷವೋ ಯಾರೂ ಹೇಳಲಾರರು. ಲ್ಯಾಬ್ ಕಾಲ್ನಡಿಗೆಯ ದೂರದಲ್ಲೇ ಇದ್ದರೆ ತರಬಹುದು. ಆಗಲೂ ಡಬ್ಬಿಯನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ, 20 ಡಿಗ್ರಿಗಿಂತ ತಣ್ಣಗಾಗಲು ಬಿಡಬೇಡಿ.

ಆಂಡ್ರಾಲಜಿ ಲ್ಯಾಬಿನಲ್ಲಿ ಸ್ಯಾಂಪಲ್ ಕೊಡಲು ಬಾಗಿಲು ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆ ಪಕ್ಕದಲ್ಲೇ ಇರುತ್ತದೆ. ನಾವು ಹೆಚ್ಚು ಅಂಕ ಕೊಡುವುದು ಇದಕ್ಕೇ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೋಣೆ ಇದೆಯೇ ಎಂದು ಕೇಳಿ. ಟಾಯ್ಲೆಟ್ ತೋರಿಸುವ ಕಡೆಗೆ ಹೋಗಬೇಡಿ. ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯಸ್ಖಲನ ಆಗಿರಬಾರದು. ಎಣ್ಣೆ, ಸೋಪು, ಎಂಜಲು, ಅಂಗಡಿಯ ಕಾಂಡೋಮ್ ಯಾವುದೂ ಬೇಡ, ಇವೆಲ್ಲ ವೀರ್ಯಾಣುವಿಗೆ ಹಾನಿಕರ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು ಇರುವುದರಿಂದ ಸ್ವಲ್ಪ ಚೆಲ್ಲಿದರೂ ನಾಚದೆ ಹೇಳಿಬಿಡಿ.

ಲ್ಯಾಬಿನ ಗುಣಮಟ್ಟವನ್ನು ರಿಪೋರ್ಟಿನಿಂದಲೇ ಅಳೆಯಬಹುದು. ಸ್ಯಾಂಪಲ್ ಕೊಟ್ಟ ಸಮಯ, ನೋಡಿದ ಸಮಯ ಎರಡೂ ಅಚ್ಚಾಗಿರಬೇಕು. ಚಲನೆಯಲ್ಲಿ ಮುಂದಕ್ಕೆ ಈಜುವವು, ನಿಂತಲ್ಲೇ ಅಲುಗುವವು, ಅಲುಗದವು ಎಂದು ಬೇರೆ ಬೇರೆ ಬರೆದಿರಬೇಕು. ಸಹಜ ಆಕಾರದವು 'ಶೇ. 70' ಎಂದಿದ್ದರೆ ಆ ಲ್ಯಾಬ್ ಈಗಿನ ಕಟ್ಟುನಿಟ್ಟಿನ ಮಾನದಂಡ ಬಳಸುತ್ತಿಲ್ಲ ಎಂದೇ ತಿಳಿಯಿರಿ, ಈಗ ಶೇ. 4 ಬಂದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿಗಳು ಇವು: ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಒಟ್ಟು ಚಲನೆ ಶೇ. 42, ಮುಂದಕ್ಕೆ ಈಜುವವು ಶೇ. 30. ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗದೆಂದೇನೂ ಅಲ್ಲ.

ಒಂದೇ ರಿಪೋರ್ಟ್ ನೋಡಿ ಐವಿಎಫ್ ಪ್ಯಾಕೇಜ್ ಮುಂದಿಡುವ ಸೆಂಟರಿನಿಂದ ಎದ್ದು ಬನ್ನಿ. ವೀರ್ಯಾಣು ಬೆಳೆಯಲು ಸುಮಾರು 74 ದಿನ ಬೇಕು. ಎರಡು ತಿಂಗಳ ಹಿಂದಿನ ಜ್ವರದ ಪೆಟ್ಟು ಇವತ್ತಿನ ಎಣಿಕೆಯಲ್ಲಿ ಕಾಣುತ್ತದೆ. ಹೋಟೆಲಿನ ದೋಸೆ ಕಾವಲಿ, ತಂದೂರಿನ ಮುಂದೆ ದಿನವಿಡೀ ನಿಲ್ಲುವ ನಮ್ಮವರು ಆ ಕೆಲಸವನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು, ಬಿಸಿ ವೃಷಣಕ್ಕೆ ಆಗದು. ಜಿಮ್‌ನಲ್ಲಿ ಚುಚ್ಚಿಸಿಕೊಂಡ ಟೆಸ್ಟೋಸ್ಟೆರಾನನ್ನಂತೂ ಮುಚ್ಚಿಡಲೇಬಾರದು. ಅದು ಮೆದುಳಿನಿಂದ ವೃಷಣಕ್ಕೆ ಹೋಗುವ ಸಂದೇಶವನ್ನೇ ನಿಲ್ಲಿಸಿ ಎಣಿಕೆಯನ್ನು ಸೊನ್ನೆಗೆ ಇಳಿಸಬಲ್ಲದು. ನಿಲ್ಲಿಸಿದ ಮೇಲೆ ಬಹಳ ಜನರಲ್ಲಿ ಮರಳುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು. 'ಗಂಡಸುತನ ಕಡಿಮೆ' ಎಂದು ಇದೇ ಇಂಜೆಕ್ಷನ್ ಬರೆದುಕೊಡುವವರಿದ್ದರೆ ಅದು ಚಿಕಿತ್ಸೆಯ ತದ್ವಿರುದ್ಧ.

ನಿಜವಾದ ಸೇವೆಯೆಂದರೆ ಗಂಡನನ್ನು ಮಲಗಿಸಿ, ನಿಲ್ಲಿಸಿ ಕೈಯಿಂದ ಪರೀಕ್ಷಿಸುವುದು. ನಿಂತಾಗ ಬೀಜದ ಚೀಲದಲ್ಲಿ, ಹೆಚ್ಚಾಗಿ ಎಡಗಡೆ, ಉಬ್ಬಿದ ರಕ್ತನಾಳ ಕೈಗೆ ಸಿಕ್ಕರೆ ಅದು ವೆರಿಕೋಸಿಲ್. ರಿಪೋರ್ಟೂ ಕೆಟ್ಟಿದ್ದರೆ ಮೈಕ್ರೋಸ್ಕೋಪಿನಡಿ ಮಾಡುವ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿದೆ. ಸ್ಕ್ಯಾನಿನಲ್ಲಿ ಮಾತ್ರ ಕಾಣುವ ಸಣ್ಣದಕ್ಕೆ ಕತ್ತರಿ ಬೇಡ. ಎಣಿಕೆ ಸೊನ್ನೆಯಾದರೆ ಸ್ಯಾಂಪಲನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳದಲ್ಲಿ ಹುಡುಕಿದ್ದಾರೆಯೇ ಎಂದು ಮೊದಲು ಕೇಳಿ. ಪ್ರಮಾಣವೂ ಕಡಿಮೆ, ಆಮ್ಲೀಯ, ವೀರ್ಯದಲ್ಲಿರಬೇಕಾದ ಸಕ್ಕರೆ ಫ್ರಕ್ಟೋಸ್ ಇಲ್ಲ ಎಂದರೆ ನಾಳ ಮುಚ್ಚಿದೆ ಅಥವಾ ಹುಟ್ಟಿನಿಂದಲೇ ಇಲ್ಲ. ಆಗ ವೃಷಣದೊಳಗೆ ವೀರ್ಯಾಣು ಸಾಮಾನ್ಯವಾಗಿ ಇರುತ್ತದೆ, ಸೂಜಿಯಿಂದ ತೆಗೆದು ಇಕ್ಸಿಗೆ (ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ವಿಧಾನ) ಬಳಸಬಹುದು. ವೀರ್ಯಾಣು ತಯಾರಿಸಲು ವೃಷಣಕ್ಕೆ ಸಂದೇಶ ಒಯ್ಯುವ ಹಾರ್ಮೋನು ಎಫ್‌ಎಸ್‌ಎಚ್ ಏರಿ ವೃಷಣ ಸಣ್ಣದಾಗಿದ್ದರೆ ಉತ್ಪಾದನೆಯೇ ಕುಗ್ಗಿದೆ ಎಂದು. ಮೈಕ್ರೋಸ್ಕೋಪಿನಡಿ ವೃಷಣ ತೆರೆದು ವೀರ್ಯಾಣು ಹುಡುಕುವ ಮೈಕ್ರೋ-ಟೆಸೆಗೆ ಮುಂಚೆ ಕ್ರೋಮೋಸೋಮ್ ಮತ್ತು ವೈ ಕ್ರೋಮೋಸೋಮಿನ ಮೈಕ್ರೋಡಿಲೀಷನ್ (ಸಣ್ಣ ತುಣುಕು ಕಳೆದಿರುವುದು) ಪರೀಕ್ಷೆ ಮಾಡಿಸಲೇಬೇಕು. ವೈ ಕ್ರೋಮೋಸೋಮಿನ ಎಜಡ್‌ಎಫ್-ಎ ಅಥವಾ ಬಿ ಎಂಬ ಭಾಗ ಪೂರ್ತಿ ಕಳೆದಿದ್ದರೆ ಆ ಆಪರೇಷನ್ನಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಇದನ್ನು ಮುಂಚೆಯೇ ಹೇಳದ ಸೆಂಟರಿನ ಮೇಲೆ ನಮಗೆ ನಿಜಕ್ಕೂ ಸಿಟ್ಟಿದೆ. ಎಫ್‌ಎಸ್‌ಎಚ್, ಅದರ ಜೊತೆಗಾರ ಹಾರ್ಮೋನು ಎಲ್‌ಎಚ್, ಟೆಸ್ಟೋಸ್ಟೆರಾನ್ ಮೂರೂ ಕೆಳಗಿದ್ದರೆ ಅದು ಬೇರೆ ಕತೆ: ಎಲ್‌ಎಚ್‌ನಂತೆ ಕೆಲಸ ಮಾಡುವ ಎಚ್‌ಸಿಜಿ, ಜೊತೆಗೆ ಎಫ್‌ಎಸ್‌ಎಚ್ ಇಂಜೆಕ್ಷನ್ನಿನಿಂದ ಔಷಧಿಯಲ್ಲೇ ಗುಣ ಕಾಣುವ ಕೆಲವೇ ಕಾರಣಗಳಲ್ಲಿ ಅದೂ ಒಂದು.

ರಿಪೋರ್ಟಿನ ಜೊತೆ ಹಚ್ಚುವ ಆಂಟಿಆಕ್ಸಿಡೆಂಟ್ ಮಾತ್ರೆಗಳಿಗೆ ನಮ್ಮ ಅಂಕ ಕಡಿಮೆ. ಸತು ಮತ್ತು ಫೋಲಿಕ್ ಆಮ್ಲವನ್ನು 2,000ಕ್ಕೂ ಹೆಚ್ಚು ದಂಪತಿಗಳಲ್ಲಿ ನೋಡಿದ, 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಹೆರಿಗೆಗಳು ಹೆಚ್ಚಲಿಲ್ಲ. ಆ ಹಣವನ್ನು ಎರಡನೆಯ ಪರೀಕ್ಷೆಗೆ ಇಡಿ. ಮೊದಲ ರಿಪೋರ್ಟ್ ಕೆಟ್ಟಿದ್ದರೆ ಅದೇ ಲ್ಯಾಬಿನಲ್ಲಿ, ಮೊದಲಿನಷ್ಟೇ ದಿನ ವೀರ್ಯಸ್ಖಲನ ಇಲ್ಲದೆ, ಒಂದೆರಡು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ, ಎರಡೂ ಕಾಗದಗಳನ್ನು ಡಾಕ್ಟರ ಮೇಜಿನ ಮೇಲೆ ಒಟ್ಟಿಗೆ ಇಡಿ.