ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪುಕ್ಕಟೆ ಸಿಗುವ ಸಾಮಗ್ರಿ: ಇಬ್ಬರು ಮಕ್ಕಳ ಮನೆಯಲ್ಲಿ ಬಳಸಿ ನೋಡಿದ ಮೇಲೆ

ಮಗಳು 2024ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಮಗ ಈಗ ಹತ್ತನೇ ಕ್ಲಾಸು, 2026ರ ಪರೀಕ್ಷೆಗೆ ಕೂರುತ್ತಾನೆ. ಇಬ್ಬರದೂ ರಾಜ್ಯ ಪಠ್ಯಕ್ರಮ, ಕನ್ನಡ ಮಾಧ್ಯಮ, ಅನುದಾನಿತ ಶಾಲೆ. ನಮ್ಮದು ಹಾಸನ ಜಿಲ್ಲೆಯ ಒಂದು ಹೋಬಳಿ ಊರು. ಇಲ್ಲಿ ಟ್ಯೂಷನ್ ಇದೆ, ಆದರೆ ಬೆಂಗಳೂರಿನ ಹಾಗೆ ಬೀದಿಗೊಂದು ಕೋಚಿಂಗ್ ಸೆಂಟರ್ ಇಲ್ಲ. ಹಾಗಾಗಿ ಮೊಬೈಲ್‌ನಲ್ಲಿ ಏನು ಸಿಗುತ್ತದೋ ಅದನ್ನೇ ಹುಡುಕಿ ಹುಡುಕಿ ಬಳಸಿದ್ದೇವೆ. ದುಡ್ಡು ಕೊಟ್ಟು ಬಂದದ್ದೂ ಇತ್ತು, ಪುಕ್ಕಟೆ ಬಂದದ್ದೂ ಇತ್ತು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆಯ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಪರೀಕ್ಷಾ ಮಂಡಳಿಯ ಪ್ರಶ್ನೆಪತ್ರಿಕೆಗಳು ಮತ್ತು ಅವುಗಳ ಮಾದರಿ ಉತ್ತರಗಳು. ಒಂದು ರೂಪಾಯಿ ಖರ್ಚಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದಷ್ಟೇ ಖರ್ಚು.

ಮಂಡಳಿ ಅಂದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಮೊದಲು ಎಸ್ಸೆಸ್ಸೆಲ್ಸಿಗೆ ಬೇರೆ, ಪಿಯುಸಿಗೆ ಬೇರೆ ಇತ್ತು, ಈಗ ಎರಡೂ ಒಂದೇ ಕಡೆ. ಇವರ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ, ವೇಳಾಪಟ್ಟಿ, ಸುತ್ತೋಲೆ ಬರುತ್ತವೆ. ಪರೀಕ್ಷೆ ಮುಗಿದ ಮೇಲೆ ಕೀ ಉತ್ತರವನ್ನೂ, ಅಂದರೆ ಮಾದರಿ ಉತ್ತರವನ್ನೂ, ಹಾಕಿ ಆಕ್ಷೇಪಣೆ ಕೇಳುತ್ತಾರೆ. ನೋಡಲು ಚೆಂದದ ತಾಣವೇನಲ್ಲ, ಸರ್ಕಾರಿ ತಾಣ ಹೇಗಿರುತ್ತದೋ ಹಾಗೇ ಇದೆ. ಆದರೆ ಬೇಕಾದ್ದು ಅಲ್ಲಿದೆ.

ಮಾದರಿ ಉತ್ತರದ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ಬಹಳ ತಂದೆತಾಯಂದಿರು ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಮೌಲ್ಯಮಾಪಕರು ಅಂಕ ಹೇಗೆ ಹಂಚುತ್ತಾರೆ ಎನ್ನುವುದು ಕೀ ಉತ್ತರದಲ್ಲಿ ಕಾಣುತ್ತದೆ. ಗಣಿತದಲ್ಲಿ ಹಂತ ಹಂತಕ್ಕೆ ಅಂಕ. ಸೂತ್ರ ಬರೆದರೆ ಅರ್ಧ, ಬೆಲೆ ಹಾಕಿದರೆ ಅರ್ಧ, ಹೀಗೆ. ಮಗಳು ಲೆಕ್ಕ ಸರಿ ಮಾಡುತ್ತಿದ್ದಳು, ಆದರೆ ಬಾಯಲ್ಲೇ ಎರಡು ಹಂತ ದಾಟಿ ನೇರ ಉತ್ತರ ಬರೆಯುತ್ತಿದ್ದಳು. ಕೀ ಉತ್ತರ ಪಕ್ಕದಲ್ಲಿಟ್ಟುಕೊಂಡು ತಾನೇ ತನ್ನ ಪೇಪರ್ ತಿದ್ದಲು ಶುರು ಮಾಡಿದ ಮೇಲೆ ಆ ಅಭ್ಯಾಸ ಹೋಯಿತು. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ ಬಿಡಿ. ವಿಜ್ಞಾನದ ಚಿತ್ರಗಳಲ್ಲೂ ಹೀಗೇ. ಚಿತ್ರಕ್ಕೆ ಬೇರೆ ಅಂಕ, ಭಾಗ ಗುರುತಿಸಿದ್ದಕ್ಕೆ ಬೇರೆ ಅಂಕ. ಹೃದಯದ ಚಿತ್ರವನ್ನು ಬಣ್ಣ ತುಂಬಿ ಅರ್ಧ ಗಂಟೆ ಬರೆಯುವ ಮಕ್ಕಳು ಇದನ್ನು ಒಮ್ಮೆ ನೋಡಬೇಕು.

ಈಚಿನ ಮಾದರಿಯಲ್ಲಿ ಗಣಿತ ಮತ್ತು ವಿಜ್ಞಾನ ಪತ್ರಿಕೆಗಳಲ್ಲಿ 38 ಪ್ರಶ್ನೆ, 80 ಅಂಕ. ಬಹು ಆಯ್ಕೆಯವು 8, ಒಂದು ಅಂಕದವು 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು ಒಂದು. ಸಮಯ 3 ಗಂಟೆ 15 ನಿಮಿಷ, ಅದರಲ್ಲಿ ಮೊದಲ 15 ನಿಮಿಷ ಪತ್ರಿಕೆ ಓದಲು. ಈ ಲೆಕ್ಕ ಗೊತ್ತಿದ್ದರೆ ಎಲ್ಲಿ ಎಷ್ಟು ಹೊತ್ತು ಕೂರಬೇಕು ಅನ್ನುವುದು ತಾನಾಗಿ ಬರುತ್ತದೆ. ಎರಡು, ಮೂರು ಅಂಕದ ಪ್ರಶ್ನೆಗಳಲ್ಲೇ 43 ಅಂಕ ಇದೆ ನೋಡಿ. ಐದು ಅಂಕದ ಒಂದು ಪ್ರಶ್ನೆಗೆ ಹೆದರಿ ತಿಂಗಳುಗಟ್ಟಲೆ ಅದನ್ನೇ ಉರು ಹೊಡೆಯುವುದು ಯಾಕೆ?

ಹಳೆಯ ಪತ್ರಿಕೆ ಆರಿಸುವಾಗ ಒಂದು ಎಚ್ಚರ. 2021ರದ್ದು ಬೇಡ. ಕೊರೋನಾದಿಂದ ಆ ವರ್ಷ ಜುಲೈನಲ್ಲಿ ಎರಡೇ ದಿನ ಪರೀಕ್ಷೆ ನಡೆದು, ಎಲ್ಲವೂ ಬಹು ಆಯ್ಕೆ, ಓಎಂಆರ್ ಹಾಳೆ. ಈಗಿನ ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ. 2024ರಿಂದ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ 1, 2, 3 ಅಂತ ವರ್ಷಕ್ಕೆ ಮೂರು ಪರೀಕ್ಷೆ ಬಂದಿದೆಯಲ್ಲ, ಅದರಿಂದ ನಮಗೆ ಇನ್ನೊಂದು ಲಾಭ. 2024 ಮತ್ತು 2025 ಎರಡೇ ವರ್ಷಕ್ಕೆ ಒಂದೊಂದು ವಿಷಯಕ್ಕೆ ಆರಾರು ಪತ್ರಿಕೆ ಆಯಿತು. ಮಗನಿಗೆ ಇಷ್ಟೇ ಸಾಕು ಅನಿಸಿದೆ. ಅಂಗಡಿಯಲ್ಲಿ ಮಾರುವ ದಪ್ಪ ಗೈಡ್ ಈ ಸಲ ತರಲೇ ಇಲ್ಲ.

ಇನ್ನು ಪಠ್ಯಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಎಲ್ಲ ತರಗತಿಯ ಪುಸ್ತಕಗಳ ಪಿಡಿಎಫ್ ಇದೆ. ಪುಸ್ತಕ ಶಾಲೆಯಲ್ಲೇ ಬಿಟ್ಟು ಬಂದ ದಿನ ಉಪಯೋಗಕ್ಕೆ ಬರುತ್ತದೆ ಅನ್ನುವುದು ಒಂದು. ನಮಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆಯೇ ಆಯಿತು. ರಾಜ್ಯದ ಹತ್ತನೇ ತರಗತಿಯ ಗಣಿತ, ವಿಜ್ಞಾನ ಎರಡೂ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕಗಳೇ, ಕನ್ನಡಕ್ಕೆ ಬಂದಿವೆ ಅಷ್ಟೇ. ಅದೇ ಪಾಠ ಇಂಗ್ಲಿಷಿನಲ್ಲೂ ಪುಕ್ಕಟೆ ಸಿಗುತ್ತದೆ. ಮಗಳು ಕನ್ನಡ ಪುಸ್ತಕ ಮುಂದಿಟ್ಟುಕೊಂಡು, ಮೊಬೈಲ್‌ನಲ್ಲಿ ಇಂಗ್ಲಿಷ್ ಪಿಡಿಎಫ್ ತೆರೆದು ಒಂದೊಂದು ಪಾಠವನ್ನು ಜೋಡಿಯಾಗಿ ಓದಿದಳು. ಕನ್ನಡ ಮಾಧ್ಯಮದ ಮಕ್ಕಳು ಮುಂದೆ ಸೈನ್ಸ್‌ಗೋ ಡಿಪ್ಲೊಮಾಗೋ ಹೋದಾಗ ಮೊದಲ ಮೂರು ತಿಂಗಳು ಪಾಠ ತಲೆಗೆ ಹತ್ತುವುದಿಲ್ಲ ಅಂತ ಅಳುತ್ತಾರೆ. ಇವಳಿಗೆ ಆ ಕಷ್ಟ ಕಡಿಮೆ ಆಯಿತು. ಹತ್ತನೇ ಕ್ಲಾಸಿನ ಕೊನೆಯಲ್ಲಿ ಇದನ್ನು ಶುರು ಮಾಡಬೇಡಿ, ಒಂಬತ್ತರಲ್ಲೇ ಮಾಡಿ. ಕೊನೆಗೆ ಸಮಯ ಇರುವುದಿಲ್ಲ.

ಪುಸ್ತಕದ ಪಾಠಗಳಲ್ಲಿ ಕ್ಯೂಆರ್ ಕೋಡ್ ಇರುತ್ತದಲ್ಲ, ಅದನ್ನು ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್ ತೆರೆಯುತ್ತದೆ. ಕೇಂದ್ರ ಸರ್ಕಾರದ್ದು, 2017ರಲ್ಲಿ ಬಂದದ್ದು. ಪಾಠಕ್ಕೆ ಹೊಂದುವ ವಿಡಿಯೊ, ಅಭ್ಯಾಸದ ಪ್ರಶ್ನೆ ಇರುತ್ತವೆ. ಶಾಲೆಯಲ್ಲಿ ಪಾಠ ಆದ ದಿನವೇ ಸಂಜೆ ನೋಡಿದರೆ ಒಳ್ಳೆಯದು. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ನೋಡಬಹುದು, ಕರೆಂಟು ಹೋದರೆ ಟವರೂ ಹೋಗುವ ನಮ್ಮಂಥ ಊರಿಗೆ ಇದು ದೊಡ್ಡ ವಿಷಯ. ಪಾಠ ಅರ್ಥ ಮಾಡಿಕೊಳ್ಳಲು ದೀಕ್ಷಾ, ಪರೀಕ್ಷೆಗೆ ತಯಾರಾಗಲು ಪ್ರಶ್ನೆಪತ್ರಿಕೆ. ನಾನು ಇಷ್ಟರಲ್ಲಿ ಇಟ್ಟುಕೊಂಡಿದ್ದೇನೆ. ಕೊರೋನಾ ಕಾಲದಲ್ಲಿ ಚಂದನದಲ್ಲಿ ಬರುತ್ತಿದ್ದ ಸಂವೇದ ಪಾಠಗಳೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಬೋರ್ಡಿನ ಮುಂದೆ ನಿಂತು ಮೇಷ್ಟ್ರು ನಿಧಾನಕ್ಕೆ ಹೇಳುವ ಕನ್ನಡ ಪಾಠ, ಮಗನಿಗೆ ಸಮಾಜ ವಿಜ್ಞಾನಕ್ಕೆ ಅದೇ ಇಷ್ಟ.

ದುಡ್ಡು ಕೊಟ್ಟದ್ದರ ಕತೆ ಚಿಕ್ಕದು. ಬೆಂಗಳೂರಿನಲ್ಲಿರುವ ನಮ್ಮಣ್ಣ ಮಗಳಿಗೆಂದು ಒಂದು ಕಲಿಕಾ ಆ್ಯಪ್‌ನ ಒಂದು ವರ್ಷದ ಚಂದಾ ಕಟ್ಟಿಕೊಟ್ಟಿದ್ದ. ಹೆಸರು ಬೇಡ. ಅನಿಮೇಷನ್ ಚೆನ್ನಾಗಿತ್ತು, ರಕ್ತ ಪರಿಚಲನೆ ಪಾಠ ಅದರಲ್ಲಿ ನೋಡಿದ ಮೇಲೆ ನನಗೇ ಅರ್ಥವಾಯಿತು. ಆದರೆ ಪೂರ್ತಿ ಇಂಗ್ಲಿಷ್. ಟೆಸ್ಟ್‌ಗಳ ಪ್ರಶ್ನೆಗಳು ನಮ್ಮ ಪತ್ರಿಕೆಯ ಮಾದರಿಯಲ್ಲಿರಲಿಲ್ಲ. ಕನ್ನಡ ಇಲ್ಲವೇ ಇಲ್ಲ, ಇತಿಹಾಸದಲ್ಲಿ ನಮ್ಮ ರಾಜ್ಯದ ಪಾಠಗಳಿಲ್ಲ. ಪ್ರಥಮ ಭಾಷೆಗೇ 125 ಅಂಕ ಇರುವ ಪರೀಕ್ಷೆ ಇದು. ಚಂದಾ ಮುಗಿಯುವ ಹೊತ್ತಿಗೆ ದಿನಾ ಫೋನು, "ಮೇಡಂ, ಮಗುವಿನ ಭವಿಷ್ಯ" ಅಂತ. ನಮ್ಮನೆಯವರು ಕೊನೆಗೆ ಆ ನಂಬರನ್ನೇ ಬ್ಲಾಕ್ ಮಾಡಿದರು. ನೀಟ್, ಜೆಇಇ ಗುರಿ ಇರುವ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಅದು ಸರಿಹೋಗಬಹುದು. ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿಗೆ ನಾನಂತೂ ಹೇಳುವುದಿಲ್ಲ.

ಓದಲು ಕಷ್ಟಪಡುವ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಅಂತ ಜಿಲ್ಲೆಗಳಲ್ಲಿ ಶಿಕ್ಷಕರು ಸೇರಿ ಪುಸ್ತಿಕೆ ಮಾಡುತ್ತಾರೆ. ಕೆಲವರು ಇದನ್ನು ಕೀಳಾಗಿ ನೋಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಕ್ಕದ ಮನೆಯ ಹುಡುಗ ಅದನ್ನೇ ಹಿಡಿದು ಪಾಸಾದ. ಆದರೆ ಶೇಕಡ 80ರ ಮೇಲೆ ಬರುವ ಮಗುವಿಗೂ ಅದನ್ನೇ ಕೊಟ್ಟು "ಇಷ್ಟು ಓದು ಸಾಕು" ಅನ್ನುವುದು ಸರಿಯಲ್ಲ.

ಈಗ ಸುದ್ದಿಯ ವಿಷಯ. ಹೈಸ್ಕೂಲು ಮಕ್ಕಳ ಮನೆಯಲ್ಲಿ ಪಾಠಕ್ಕಿಂತ ಜಾಸ್ತಿ ತಲೆ ತಿನ್ನುವುದು ಇದೇ. ವಾಟ್ಸಾಪ್ ಗ್ರೂಪಿನಲ್ಲಿ ಬರುವ ಸುದ್ದಿಗೆ ನಾನು ಐದರಲ್ಲಿ ಒಂದು ಸ್ಟಾರ್ ಕೊಡುತ್ತೇನೆ, ಅದೂ ಬೇಗ ಬರುತ್ತದೆ ಅನ್ನುವ ಕಾರಣಕ್ಕೆ. 2024ರ ಮಾರ್ಚ್ ನೆನಪಿದೆಯಾ? ಮಗ ಆಗ ಎಂಟನೇ ಕ್ಲಾಸು. 5, 8, 9 ಮತ್ತು ಪ್ರಥಮ ಪಿಯುಸಿಗೆ ಮಂಡಳಿ ಮಟ್ಟದ ಪರೀಕ್ಷೆ ಅಂತ ಆಯಿತು, ಹೈಕೋರ್ಟ್ ರದ್ದು ಮಾಡಿತು, ಆಮೇಲೆ ಆ ಆದೇಶಕ್ಕೆ ತಡೆ ಸಿಕ್ಕಿ 11ಕ್ಕೆ ಶುರುವಾಯಿತು, ಸುಪ್ರೀಂ ಕೋರ್ಟ್ ತಡೆಯಿಂದ ನಡುವೆಯೇ ನಿಂತಿತು, ಹೈಕೋರ್ಟ್ ಒಪ್ಪಿದ ಮೇಲೆ ಅದೇ ತಿಂಗಳ ಕೊನೆಗೆ ಉಳಿದ ಪತ್ರಿಕೆ ನಡೆದವು. ಏಪ್ರಿಲ್‌ನಲ್ಲಿ ಫಲಿತಾಂಶಕ್ಕೂ ತಡೆ. ಆ ದಿನಗಳಲ್ಲಿ ಗ್ರೂಪಿನಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು. ನಿನ್ನೆಯ ಆದೇಶವನ್ನು ಇವತ್ತಿನದು ಅಂತ ಹಾಕುವವರು. ಅದೇ ವರ್ಷ ಮಗಳದು ಎಸ್ಸೆಸ್ಸೆಲ್ಸಿ, ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬೇರೆ ಹೊಸದಾಗಿ ಬಂದಿತ್ತು. 2023ರಲ್ಲಿ ಶೇಕಡ 83.89 ಇದ್ದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ.

2025-26ನೇ ಸಾಲಿನ ಗಲಾಟೆ ಪಾಸ್ ಅಂಕದ್ದು. ಶೇಕಡ 33 ಆಯಿತು ಅಂತ ಸುದ್ದಿ ಬಂದ ಕೂಡಲೇ ಒಬ್ಬೊಬ್ಬರದು ಒಂದೊಂದು ಅರ್ಥ. ಒಟ್ಟು 625ಕ್ಕೆ ಕನಿಷ್ಠ 206 ಬರಬೇಕು, ಪ್ರತಿ ವಿಷಯದಲ್ಲಿ ಆಂತರಿಕ ಅಂಕ ಸೇರಿ ಕನಿಷ್ಠ ಶೇಕಡ 30 ಬರಬೇಕು. ಎರಡೂ ಬೇಕು. ಎಲ್ಲ ವಿಷಯದಲ್ಲೂ ಬರೀ 30 ತೆಗೆದರೆ ಒಟ್ಟು ಮೊತ್ತ ಮುಟ್ಟುವುದಿಲ್ಲ, ಲೆಕ್ಕ ಹಾಕಿ ನೋಡಿ. ಇದನ್ನು ನಮ್ಮ ಗ್ರೂಪಿನಲ್ಲಿ ಯಾರೂ ಬರೆದಿರಲಿಲ್ಲ, ಪತ್ರಿಕೆಯಲ್ಲಿ ಸರಿಯಾಗಿ ಬಂದಿತ್ತು.

ವೇಳಾಪಟ್ಟಿಯಲ್ಲೂ ಹೀಗೇ. ಮಂಡಳಿ ಮೊದಲು ತಾತ್ಕಾಲಿಕ ವೇಳಾಪಟ್ಟಿ ಹಾಕಿ ಆಕ್ಷೇಪಣೆ ಕೇಳುತ್ತದೆ, ಆಮೇಲೆ ಅಂತಿಮ ವೇಳಾಪಟ್ಟಿ. ಜನ ತಾತ್ಕಾಲಿಕದ್ದನ್ನೇ ಫ್ರಿಡ್ಜ್ ಮೇಲೆ ಅಂಟಿಸಿಕೊಂಡಿರುತ್ತಾರೆ. ಸುತ್ತೋಲೆ ಬಂದರೆ ಮೇಲಿನ ದಿನಾಂಕ ನೋಡಿ, "ತಾತ್ಕಾಲಿಕ" ಅಂತ ಇದೆಯೇ ನೋಡಿ, ಅನುಮಾನ ಬಂದರೆ ಹೆಡ್‌ಮಾಸ್ಟರನ್ನು ಕೇಳಿ.

ಸ್ಕಾಲರ್‌ಶಿಪ್ ಬಗ್ಗೆ ಒಂದೇ ಒಂದನ್ನು ಒತ್ತಿ ಹೇಳುತ್ತೇನೆ, ಎನ್‌ಎಂಎಂಎಸ್, ಅಂದರೆ ಪರೀಕ್ಷೆ ಬರೆದು ಪಡೆಯುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆ 90 ಪ್ರಶ್ನೆ, ಪಾಠದ ಮೇಲಿನದು 90 ಪ್ರಶ್ನೆ. ಎಂಟನೇ ಕ್ಲಾಸು ದಾಟಿದರೆ ಮತ್ತೆ ಅವಕಾಶವಿಲ್ಲ, ಅದಕ್ಕೇ ಹೇಳುತ್ತಿರುವುದು. ಎಷ್ಟೋ ಮನೆಗಳಲ್ಲಿ ಈ ಹೆಸರೇ ಗೊತ್ತಿರುವುದಿಲ್ಲ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬೇರೆ, ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಶಾಲೆಯಲ್ಲಿ ಸಿಗುವ ಮಗುವಿನ ಸ್ಯಾಟ್ಸ್ ನಂಬರ್ ತಯಾರಿಟ್ಟುಕೊಳ್ಳಿ. ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಜೋಡಣೆ ಆಗಿದೆಯೇ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿ, ಅರ್ಜಿ ಹಾಕಿ ಆದ ಮೇಲಲ್ಲ.

ಪರೀಕ್ಷೆಗೆ ನೋಂದಣಿ ಮಾಡುವಾಗ ಶಾಲೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಂದೆತಾಯಿ ಹೆಸರು ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಂಗಡಿಗೆ ಹೊತ್ತಾಯಿತು ಅಂತ ನೋಡದೆ ಸಹಿ ಹಾಕಬೇಡಿ. ಪಾಸ್‌ಪೋರ್ಟ್‌ವರೆಗೆ ಎಲ್ಲದಕ್ಕೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೇ ಆಧಾರ. ಇನಿಷಿಯಲ್ ಹಿಂದೋ ಮುಂದೋ ಅನ್ನುವುದನ್ನೂ ಆಧಾರ್ ಜೊತೆ ಹೋಲಿಸಿ.

ಫಲಿತಾಂಶ ಬಂದ ಮೇಲೆ ಅಂಕ ಕಡಿಮೆ ಅನಿಸಿದರೆ ನೇರ ಮರುಮೌಲ್ಯಮಾಪನಕ್ಕೆ ಹೋಗಲಾಗುವುದಿಲ್ಲ, ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬೇಕು. ಪ್ರತಿ ಕೈಗೆ ಬಂದಾಗ ಅದೇ ಕೀ ಉತ್ತರ ಪಕ್ಕದಲ್ಲಿಟ್ಟು ಮೇಷ್ಟ್ರಿಂದ ನೋಡಿಸಿ, ಆಮೇಲೆ ಮುಂದಿನ ಶುಲ್ಕ ಕಟ್ಟುವುದೋ ಬೇಡವೋ ತೀರ್ಮಾನಿಸಿ.

ಮುಂದೇನು ಅನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ಪಿಯುಸಿ ಒಂದನ್ನೇ ಹೇಳುತ್ತಾರೆ. ಮಗಳು ಪಾಲಿಟೆಕ್ನಿಕ್ ಸೇರಿದಳು. ಮೂರು ವರ್ಷದ ಡಿಪ್ಲೊಮಾ, ಆಮೇಲೆ ಬೇಕಿದ್ದರೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಐಟಿಐ ಕೂಡ ಇದೆ. ಈ ಮಾಹಿತಿಯನ್ನು ಫಲಿತಾಂಶದ ದಿನ ಹುಡುಕಿದರೆ ಕೋಚಿಂಗ್ ಜಾಹೀರಾತುಗಳೇ ಎದುರಾಗುತ್ತವೆ, ಜನವರಿಯಲ್ಲೇ ಹತ್ತಿರದ ಪಾಲಿಟೆಕ್ನಿಕ್‌ಗೆ ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ. ಮಗ ಐಟಿಐ ಎಲೆಕ್ಟ್ರಿಷಿಯನ್ ಅನ್ನುತ್ತಿದ್ದಾನೆ, ಅವರಪ್ಪ ಪಿಯುಸಿ ಅನ್ನುತ್ತಿದ್ದಾರೆ, ಅದಿನ್ನೂ ತೀರ್ಮಾನವಾಗಿಲ್ಲ.