ಎಲ್‌ಸಿಎಸ್‌ಡಬ್ಲ್ಯೂ ಪರವಾನಗಿಯ 3,000 ಗಂಟೆ: ಸಮುದಾಯ ಕೇಂದ್ರ, ಆಸ್ಪತ್ರೆ, ಖಾಸಗಿ ಕ್ಲಿನಿಕ್

ಕ್ಯಾಲಿಫೋರ್ನಿಯಾದಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರು ಕ್ಲಿನಿಕಲ್ ಸೋಶಿಯಲ್ ವರ್ಕರ್ ಆಗಿ ಸ್ವತಂತ್ರವಾಗಿ ಮನೋಚಿಕಿತ್ಸೆ ನೀಡಬೇಕಾದರೆ ಎಲ್‌ಸಿಎಸ್‌ಡಬ್ಲ್ಯೂ (ಲೈಸೆನ್ಸ್ಡ್ ಕ್ಲಿನಿಕಲ್ ಸೋಶಿಯಲ್ ವರ್ಕರ್) ಪರವಾನಗಿ ಪಡೆಯಲೇಬೇಕು. ಅದಕ್ಕಾಗಿ ಈ ಪರವಾನಗಿ ಕೊಡುವ ರಾಜ್ಯ ಮಂಡಳಿಯಾದ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್‌ನಲ್ಲಿ ಅಸೋಸಿಯೇಟ್ ಎಂದು ನೋಂದಾಯಿಸಿಕೊಂಡು, ಅರ್ಹ ಸೂಪರ್‌ವೈಸರ್ ಅವರ ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಅನುಭವ ಗಳಿಸಬೇಕು. ಈ ಗಂಟೆಗಳನ್ನು ನಾನು ಕೌಂಟಿಯ (ಜಿಲ್ಲಾಡಳಿತದ) ಗುತ್ತಿಗೆಯ ಮೇಲೆ ನಡೆಯುವ ಲಾಭರಹಿತ ಮಾನಸಿಕ ಆರೋಗ್ಯ ಕೇಂದ್ರದಲ್ಲಿ, ದೊಡ್ಡ ಆಸ್ಪತ್ರೆಯೊಂದರಲ್ಲಿ ಮತ್ತು ಖಾಸಗಿ ಕ್ಲಿನಿಕ್ಕಿನಲ್ಲಿ ಗಳಿಸಿದೆ. ಕರ್ನಾಟಕದಿಂದ ಬಂದು ಇಲ್ಲಿ ಈ ಓದು ಮುಗಿಸುವ ಹುಡುಗ ಹುಡುಗಿಯರು ಕೆಲಸ ಹುಡುಕುವಾಗ ನನ್ನನ್ನು ಸಾಮಾನ್ಯವಾಗಿ ಸಂಬಳದ ಬಗ್ಗೆ, ವೀಸಾದ ಬಗ್ಗೆ ಕೇಳುತ್ತಾರೆ. ಅವೆರಡೂ ಮುಖ್ಯವೇ. ಆದರೆ ಅಲ್ಲಿ ನಮ್ಮ ಕೆಲಸವನ್ನು ವಾರವಾರವೂ ಕೂತು ನೋಡುವವರು ಯಾರು, ಆ ಸಮಯವನ್ನು ಅವರು ನಿಜವಾಗಿಯೂ ಕೊಡುತ್ತಾರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

3,000 ಎಂಬ ಸಂಖ್ಯೆಗಿಂತ ಹೆಚ್ಚು ಕಾಡುವುದು ಅದರೊಳಗಿನ ಪಾಲುಗಳು. ಕನಿಷ್ಠ 2,000 ಗಂಟೆಗಳು ಮನೋಸಾಮಾಜಿಕ ರೋಗನಿರ್ಣಯ, ಮೌಲ್ಯಮಾಪನ ಮತ್ತು ಚಿಕಿತ್ಸೆಗೆ ಸೇರಿರಬೇಕು. ಅವುಗಳಲ್ಲಿ ಕನಿಷ್ಠ 750 ಗಂಟೆಗಳು ಕ್ಲೈಂಟ್‌ಗಳೊಂದಿಗೆ ಮುಖಾಮುಖಿಯಾಗಿ ನಡೆಸಿದ ವೈಯಕ್ತಿಕ ಅಥವಾ ಗುಂಪು ಮನೋಚಿಕಿತ್ಸೆಯಾಗಿರಬೇಕು. ಕ್ಲೈಂಟ್ ಪರವಾದ ಓಡಾಟ, ತರಬೇತಿ, ಕಾರ್ಯಾಗಾರ ಮುಂತಾದವೆಲ್ಲ ಸೇರಿ 1,000 ಗಂಟೆಗಳನ್ನು ಮೀರಿದರೆ ಹೆಚ್ಚಿನದು ಲೆಕ್ಕಕ್ಕೆ ಬರುವುದಿಲ್ಲ. ಇದರ ಜೊತೆಗೆ 104 ವಾರಗಳ ಮೇಲ್ವಿಚಾರಣೆ ಬೇಕು, ಅದರಲ್ಲಿ 52 ವಾರ ಸೂಪರ್‌ವೈಸರ್ ಎದುರು ಒಬ್ಬರೇ ಅಥವಾ ಇಬ್ಬರೇ ಕೂತು ಪಡೆದದ್ದಾಗಿರಬೇಕು, ಒಟ್ಟು ಗಂಟೆಗಳಲ್ಲಿ 1,700 ಗಂಟೆಗಳು ಎಲ್‌ಸಿಎಸ್‌ಡಬ್ಲ್ಯೂ ಪರವಾನಗಿ ಇರುವವರ ಕೈಕೆಳಗೇ ಆಗಿರಬೇಕು. ಯಾವುದೇ ಏಳು ದಿನಗಳಲ್ಲಿ 40 ಗಂಟೆಗಿಂತ ಹೆಚ್ಚು ಸೇರುವುದಿಲ್ಲ. ಒಂದು ಕೆಲಸದ ಸ್ಥಳದಲ್ಲಿ ಆ ವಾರ ಮೇಲ್ವಿಚಾರಣೆ ನಡೆಯದೇ ಹೋದರೆ, ಅಲ್ಲಿ ಅಷ್ಟೂ ದಿನ ದುಡಿದದ್ದು ಪರವಾನಗಿಯ ಲೆಕ್ಕದಲ್ಲಿ ಶೂನ್ಯ.

ಸಮುದಾಯ ಕೇಂದ್ರದಲ್ಲಿ ಕೆಲಸದ ಹೊರೆ ಮೂರರಲ್ಲೇ ಅತಿ ಹೆಚ್ಚು, ಸಂಬಳ ಅತಿ ಕಡಿಮೆ. ಬರುವವರಲ್ಲಿ ಬಹುಪಾಲು ಮೆಡಿ-ಕ್ಯಾಲ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಬಡವರು; ಬಾಡಿಗೆ ಕಟ್ಟಲಾಗದೆ ಕಾರಿನಲ್ಲಿ ಮಲಗುವವರೂ ಬರುತ್ತಾರೆ, ಧ್ವನಿಗಳು ಕೇಳಿಸುತ್ತವೆ ಎನ್ನುವ ಹದಿಹರೆಯದವರೂ ಬರುತ್ತಾರೆ. ಸರ್ಕಾರಕ್ಕೆ ಬಿಲ್ ಮಾಡಬೇಕಾದ ಸಮಯಕ್ಕೆ ಸಂಸ್ಥೆ ಗುರಿ ನಿಗದಿ ಮಾಡಿರುತ್ತದೆ, ಆದ್ದರಿಂದ ಸಂಜೆಯ ಹೊತ್ತಿಗೆ ಬರೆಯಬೇಕಾದ ಪ್ರೋಗ್ರೆಸ್ ನೋಟ್‌ಗಳ (ಪ್ರತಿ ಭೇಟಿಯ ಚಿಕಿತ್ಸಾ ಟಿಪ್ಪಣಿಗಳ) ರಾಶಿ ಬಿದ್ದಿರುತ್ತದೆ. ಇಷ್ಟಿದ್ದರೂ ಮೊದಲ ಸ್ಥಾನವನ್ನು ನಾನು ಇದಕ್ಕೇ ಕೊಡುತ್ತೇನೆ, ಏಕೆಂದರೆ ಇಲ್ಲಿ ಮೌಲ್ಯಮಾಪನ, ರೋಗನಿರ್ಣಯ, ಚಿಕಿತ್ಸೆ, ಶಾಲೆ ಮತ್ತು ಕೋರ್ಟಿನೊಂದಿಗಿನ ವ್ಯವಹಾರ ಎಲ್ಲವೂ ಒಬ್ಬರೇ ಕ್ಲೈಂಟಿನ ಸುತ್ತ ನಡೆಯುವುದರಿಂದ, ಬೋರ್ಡ್ ಕೇಳುವ ಪಾಲುಗಳು ಬೇರೆ ಬೇರೆಯಾಗಿ ಹುಡುಕದೆಯೇ ತುಂಬುತ್ತವೆ.

ಇನ್ನೊಂದು ಕಾರಣ ಅಲ್ಲಿನ ಸೂಪರ್‌ವೈಸರ್. ಕ್ಲೈಂಟಿನ ಲಿಖಿತ ಒಪ್ಪಿಗೆ ಪಡೆದು ಮಾಡಿದ ವಿಡಿಯೋ ರೆಕಾರ್ಡಿಂಗನ್ನು ಅವರು ನನ್ನ ಜೊತೆ ಕೂತು ನೋಡುತ್ತಿದ್ದರು. ಒಮ್ಮೆ ಒಂದೇ ತುಣುಕನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ತೋರಿಸಿದರು: ಆ ತಾಯಿ ಮಗನ ವಿಷಯ ಬಂದಾಗಲೆಲ್ಲ ಕೈಚೀಲದ ಜಿಪ್ಪನ್ನು ಎಳೆದು ಬಿಟ್ಟು ಮಾಡುತ್ತಿದ್ದರು, ಮರುಕ್ಷಣವೇ ಮಾತು ಮನೆಬಾಡಿಗೆಯ ಕಡೆಗೆ ತಿರುಗುತ್ತಿತ್ತು. ಬಾಡಿಗೆಯ ತೊಂದರೆ ಸುಳ್ಳಲ್ಲ, ಅದಕ್ಕೆ ಅರ್ಜಿ ಹಾಕಿಸಬೇಕಾದದ್ದೂ ನಾವೇ. ಆದರೆ ಅದು ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದನ್ನು ಗಮನಿಸು ಎಂದರು. ಚಿಕಿತ್ಸೆ ಮತ್ತು ಸಾಮಾಜಿಕ ಸಹಾಯ ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ನನಗೆ ಯಾವ ತರಗತಿಗಿಂತಲೂ ಅಲ್ಲಿ ಸ್ಪಷ್ಟವಾಯಿತು. ಗುಂಪು ಮೇಲ್ವಿಚಾರಣೆಯಲ್ಲಿ ಎಂಟು ಜನರವರೆಗೆ ಕೂರಬಹುದು, ಎರಡು ಗಂಟೆಯ ಗುಂಪು ಒಂದು ಗಂಟೆಯ ವೈಯಕ್ತಿಕ ಮೇಲ್ವಿಚಾರಣೆಗೆ ಸಮ ಎಂದು ನಿಯಮ ಹೇಳುತ್ತದೆ. ಲೆಕ್ಕಕ್ಕೆ ಸಮವಾದರೂ ಕಲಿಕೆಗೆ ಅವು ಸಮವಲ್ಲ. ಬರೀ ಗುಂಪನ್ನೇ ಮುಂದೆ ಮಾಡುವ ಸಂಸ್ಥೆಯಲ್ಲಿ ಆ 52 ವಾರಗಳನ್ನು ಯಾವಾಗ ಕೊಡುತ್ತೀರಿ ಎಂದು ಸಂದರ್ಶನದಲ್ಲೇ ಕೇಳಬೇಕು.

ಆಸ್ಪತ್ರೆಯ ಕೆಲಸಕ್ಕೆ ಸಂಬಳ ಚೆನ್ನಾಗಿದೆ, ಗೌರವವೂ ಇದೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಮಾತ್ರೆ ನುಂಗಿ ಬಂದವರೊಡನೆ ಮಾತನಾಡಿ, ಅಪಾಯ ಎಷ್ಟಿದೆ, ಮನೆಯಲ್ಲಿ ಯಾರಿದ್ದಾರೆ, ರಾಜ್ಯ ಕಾನೂನಿನ 5150 ಸೆಕ್ಷನ್ನಿನ ಕೆಳಗೆ, ಒಪ್ಪಿಗೆ ಇಲ್ಲದಿದ್ದರೂ, 72 ಗಂಟೆ ತಡೆದಿಡುವ ಪ್ರಶ್ನೆ ಬರುತ್ತದೆಯೇ ಎಂಬುದಕ್ಕೆ ಬೇಕಾದ ವಿವರಗಳನ್ನು ಅಲ್ಪ ಸಮಯದಲ್ಲಿ ಕಲೆಹಾಕುವುದನ್ನು ಆಸ್ಪತ್ರೆಯಷ್ಟು ಚೆನ್ನಾಗಿ ಬೇರೆ ಯಾವ ಜಾಗವೂ ಕಲಿಸಲಾರದು. ಮಗಳ ಬಾಣಂತನಕ್ಕೆಂದು ಊರಿನಿಂದ ಬಂದು ಇಲ್ಲಿ ಹಾಸಿಗೆ ಹಿಡಿದ ಹಿರಿಯರೊಡನೆ ಕನ್ನಡದಲ್ಲೇ ಮಾತನಾಡುವ ಅವಕಾಶವೂ ನನಗೆ ಅಲ್ಲಿ ಸಿಕ್ಕಿತು; ಮಕ್ಕಳ ಬಾಯಿಂದ ಅನುವಾದ ಮಾಡಿಸಿದಾಗ ಹೊರಬರದ ದುಃಖ ಆಗ ಹೊರಬರುತ್ತಿತ್ತು. ಆದರೆ ದಿನದ ಹೆಚ್ಚಿನ ಪಾಲು ಹೋಗುವುದು ಡಿಸ್ಚಾರ್ಜ್ ವ್ಯವಸ್ಥೆಗೆ: ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಹುಡುಕುವುದು, ವಿಮಾ ಕಂಪನಿಗೆ ಫೋನ್ ಮಾಡುವುದು. ರೋಗಿ ಕೆಲವೇ ದಿನಗಳಲ್ಲಿ ಮನೆಗೆ ಹೋಗುವುದರಿಂದ ಮುಂದುವರಿಯುವ ಚಿಕಿತ್ಸೆ ಎಂಬುದೇ ಇಲ್ಲ. ಮೌಲ್ಯಮಾಪನದ ಗಂಟೆಗಳು ಏರುತ್ತಿದ್ದಾಗ 750ರ ಪಾಲು ನಿಂತಲ್ಲೇ ನಿಂತಿತ್ತು. ಮೇಲಾಗಿ ನಾನಿದ್ದ ಕಡೆ ಮೇಲ್ವಿಚಾರಣೆಯ ಗಂಟೆಯ ನಡುವೆ ಸೂಪರ್‌ವೈಸರ್ ಅವರನ್ನು ವಾರ್ಡಿಗೆ ಕರೆಯುವುದು ವಾಡಿಕೆಯಾಗಿಬಿಟ್ಟಿತ್ತು. ತಪ್ಪು ಅವರದಲ್ಲ, ಆ ಸಮಯವನ್ನು ಕಾಯ್ದಿಡದ ವ್ಯವಸ್ಥೆಯದು. ನಷ್ಟ ಮಾತ್ರ ಅಸೋಸಿಯೇಟ್‌ಗಳದು.

ಖಾಸಗಿ ಕ್ಲಿನಿಕ್ಕಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮನೋಚಿಕಿತ್ಸೆಯೇ ಕೆಲಸ, ಹಾಗಾಗಿ 750 ಬೇಗ ತುಂಬುತ್ತದೆ. ಒಂದು ವಾರದಲ್ಲಿ ಅಂಥ ಚಿಕಿತ್ಸೆ 10 ಗಂಟೆ ಮೀರಿದರೆ ಮತ್ತೊಂದು ಗಂಟೆ ಮೇಲ್ವಿಚಾರಣೆ ಕಡ್ಡಾಯ. ಕ್ಲೈಂಟ್‌ಗಳು ತಿಂಗಳುಗಟ್ಟಲೆ ಬರುತ್ತಾರೆ, ಒಬ್ಬರ ಬದಲಾವಣೆಯನ್ನು ಆರಂಭದಿಂದ ಕೊನೆಯವರೆಗೆ ನೋಡಲು ಸಾಧ್ಯವಾಗುತ್ತದೆ. ಆದರೆ ಬರುವವರು ಹಣ ಕೊಡಬಲ್ಲವರು. ತೀವ್ರ ಮಾನಸಿಕ ಕಾಯಿಲೆಯವರನ್ನು ನಾನು ಅಲ್ಲಿ ಕಂಡದ್ದು ಅಪರೂಪ. ಮೊದಲ ಕೆಲಸವೇ ಇದಾದರೆ ಅನುಭವ ಒಂದು ಕಡೆಗೆ ವಾಲುತ್ತದೆ. ಕಾನೂನಿನ ಅಂಶಗಳಲ್ಲೂ ಎಚ್ಚರ ಬೇಕು: ಅಸೋಸಿಯೇಟ್ ನೌಕರರಾಗಿ ಡಬ್ಲ್ಯೂ-2 (ನೌಕರರ ತೆರಿಗೆ ಫಾರ್ಮ್) ಸಂಬಳ ಪಡೆಯಬೇಕು ಅಥವಾ ಸ್ವಯಂಸೇವಕರಾಗಿರಬೇಕು, 1099 ಫಾರ್ಮಿನ ಸ್ವತಂತ್ರ ಗುತ್ತಿಗೆದಾರರಾಗಿ ದುಡಿದ ಗಂಟೆಗಳು ಎಣಿಕೆಗೆ ಬರುವುದಿಲ್ಲ, ಕ್ಲಿನಿಕ್ಕಿನ ಕೋಣೆಗೆ ಅವರಿಂದ ಬಾಡಿಗೆ ವಸೂಲಿ ಮಾಡುವಂತಿಲ್ಲ. ಮೊದಲ ನೋಂದಣಿಯ ಅವಧಿ ಮುಗಿದು ಎರಡನೆಯ ನೋಂದಣಿ ಸಂಖ್ಯೆ ಪಡೆದವರು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವಂತಿಲ್ಲ, ಆದ್ದರಿಂದ ಇದನ್ನು ತೀರಾ ಕೊನೆಗೆ ಇಟ್ಟುಕೊಳ್ಳುವುದೂ ಸರಿಯಲ್ಲ.

ಕೆಲಸದ ಜಾಗದಲ್ಲಿ ಅರ್ಹರಿಲ್ಲದಿದ್ದರೆ ಹೊರಗಿನ ಸೂಪರ್‌ವೈಸರ್ ಅವರನ್ನು ನೇಮಿಸಿಕೊಳ್ಳಬಹುದು. ಅದಕ್ಕೆ ಅವರ ಮತ್ತು ಸಂಸ್ಥೆಯ ನಡುವೆ ಲಿಖಿತ ಒಪ್ಪಂದ ಬೇಕು. ಅವರಿಗೆ ಕ್ಲೈಂಟಿನ ಕಡತ ನೋಡುವ ಅವಕಾಶ ಇಲ್ಲದಿದ್ದರೆ ಅದನ್ನು ನಾನು ಆಯ್ಕೆಯೆಂದೇ ಪರಿಗಣಿಸುವುದಿಲ್ಲ.

ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಇಲ್ಲಿ ಒಂದು ದೊಡ್ಡ ತೊಡಕಿದೆ. ಓದು ಮುಗಿದ ಮೇಲೆ ಕೆಲಸ ಮಾಡಲು ಕೊಡುವ ಅನುಮತಿ, ಅಂದರೆ ಓಪಿಟಿ, ಸಿಗುವುದು 12 ತಿಂಗಳು, ಎಂ.ಎಸ್.ಡಬ್ಲ್ಯೂ. ಪದವಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲದ ಕಾರಣ ಅದು ಮುಂದಕ್ಕೆ ವಿಸ್ತರಣೆಯಾಗುವುದಿಲ್ಲ, 104 ವಾರಗಳು ಅದರೊಳಗೆ ಹಿಡಿಯುವುದೂ ಇಲ್ಲ. ವಿಶ್ವವಿದ್ಯಾಲಯಕ್ಕೆ ಸೇರಿದ ಲಾಭರಹಿತ ಆಸ್ಪತ್ರೆಗಳು ಎಚ್-1ಬಿ ಉದ್ಯೋಗ ವೀಸಾಗಳ ವಾರ್ಷಿಕ ಸಂಖ್ಯಾ ಮಿತಿಯಿಂದ ಹೊರಗಿರಬಹುದು, ಲಾಭರಹಿತ ಎಂದ ಮಾತ್ರಕ್ಕೆ ಎಲ್ಲ ಸಮುದಾಯ ಕೇಂದ್ರಗಳಿಗೂ ಆ ವಿನಾಯಿತಿ ಇಲ್ಲ. ಆ ಸ್ಥಿತಿಯಲ್ಲಿರುವವರಿಗೆ ಆಸ್ಪತ್ರೆಯನ್ನೇ ಹಿಡಿಯಿರಿ, ಆದರೆ ಅದರ ಹೊರರೋಗಿ ಮನೋವೈದ್ಯ ವಿಭಾಗವನ್ನು ಕೇಳಿ ಎನ್ನುತ್ತೇನೆ. ಅಲ್ಲಿ 750ರ ಪಾಲು ತುಂಬುವ ಅವಕಾಶ ಇದೆ. ವೀಸಾದ ಕಟ್ಟು ಇಲ್ಲದವರು ಮೊದಲ ವರ್ಷ ಸಮುದಾಯ ಕೇಂದ್ರದಲ್ಲಿದ್ದು, ಆಮೇಲೆ ವಾರಕ್ಕೆ ಕೆಲವು ಗಂಟೆ ಖಾಸಗಿ ಕ್ಲಿನಿಕ್ ಸೇರಿಸಿಕೊಳ್ಳುವುದು ಒಳ್ಳೆಯದು. ಎರಡು ಕಡೆ ದುಡಿದರೆ ಎರಡೂ ಕಡೆ ಪ್ರತ್ಯೇಕ ಮೇಲ್ವಿಚಾರಣೆ ಬೇಕಾಗುತ್ತದೆ.

ಎಲ್ಲಿಗೆ ಸೇರಿದರೂ ಮೇಲ್ವಿಚಾರಣೆ ಶುರುವಾದ 60 ದಿನಗಳೊಳಗೆ ಒಪ್ಪಂದ ಪತ್ರಕ್ಕೆ ಸಹಿಯಾಗಬೇಕು, ವಾರದ ಲಾಗ್‌ಗೆ ಸೂಪರ್‌ವೈಸರ್ ಸಹಿ ಬೀಳುತ್ತಿರಬೇಕು. ಅರ್ಜಿ ತಲುಪುವ ಹಿಂದಿನ ಆರು ವರ್ಷಗಳ ಗಂಟೆಗಳಷ್ಟೇ ಸಲ್ಲುತ್ತವೆ. ಅಷ್ಟರಲ್ಲಿ ಸೂಪರ್‌ವೈಸರ್‌ಗಳು ಕೆಲಸ ಬಿಡುತ್ತಾರೆ, ಊರು ಬದಲಿಸುತ್ತಾರೆ. ಆದ್ದರಿಂದ ಅನುಭವ ದೃಢೀಕರಣದ ಫಾರ್ಮಿಗೆ ಆ ಕೆಲಸ ಬಿಡುವ ಮುನ್ನವೇ ಸಹಿ ಹಾಕಿಸಿ, ಅದರ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು.