ಡ್ಯುಯಲ್ ಕ್ರೆಡಿಟ್ ಫಾರ್ಮಿಗೆ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಟೆಕ್ಸಸ್‌ನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಮಗಳು ಆಗ ಹನ್ನೊಂದನೇ ಕ್ಲಾಸು. ಪರಿಚಯದವರ ಮಕ್ಕಳೆಲ್ಲ ಹೈಸ್ಕೂಲಿನಲ್ಲಿದ್ದುಕೊಂಡೇ ಕಮ್ಯುನಿಟಿ ಕಾಲೇಜಿನ (ಊರಿನ ಸರ್ಕಾರಿ ಕಾಲೇಜಿನ) ಕೋರ್ಸ್ ತಗೊಳ್ಳುತ್ತಿದ್ದರು. ಒಂದೇ ಕೋರ್ಸು ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುತ್ತೆ, ಡ್ಯುಯಲ್ ಕ್ರೆಡಿಟ್ ಅನ್ನೋದು ಇದಕ್ಕೇ. ಫೀಸು ಕಮ್ಮಿ, ಮುಂದೆ ಒಂದು ವರ್ಷದ ದುಡ್ಡು ಉಳಿಯುತ್ತೆ ಅಂತ ನಾನೇ ಒತ್ತಾಯ ಮಾಡಿದೆ. ಇಂಗ್ಲಿಷ್ 1301, ಹಿಸ್ಟರಿ 1301, ಬಯಾಲಜಿ 1406. ಮೂರೂ ಒಂದೇ ಸೆಮಿಸ್ಟರಿಗೆ.

ಬಯಾಲಜಿಯ ಮೊದಲ ಪರೀಕ್ಷೆಯಲ್ಲಿ 58 ಬಂತು. ಅವಳ ಶಾಲೆಯಲ್ಲಾದರೆ ಇನ್ನೊಂದು ಸಲ ಬರೆಯೋಕೆ ಬಿಡುತ್ತಿದ್ದರು. ಕಾಲೇಜಿನಲ್ಲಿ ಆ ಮಾತೇ ಇಲ್ಲ. ಗಾಬರಿಯಾಗಿ ಪ್ರೊಫೆಸರ್‌ಗೆ ಫೋನ್ ಮಾಡಿದೆ. ಅವರು ಮರ್ಯಾದೆಯಿಂದಲೇ, ನಿಮ್ಮ ಮಗಳ ಓದಿನ ಬಗ್ಗೆ ನಿಮ್ಮ ಹತ್ತಿರ ಮಾತಾಡೋಕಾಗಲ್ಲ ಅಂದರು. ಅವಳಿಗಿನ್ನೂ ಹದಿನಾರು! ಫೆರ್ಪಾ ಅನ್ನೋ, ವಿದ್ಯಾರ್ಥಿಗಳ ದಾಖಲೆಯ ಗೌಪ್ಯತೆ ಕಾಯುವ ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದು, ವಯಸ್ಸು ಎಷ್ಟೇ ಇರಲಿ. ಇದು ನನಗೆ ಅವತ್ತೇ ಗೊತ್ತಾಗಿದ್ದು.

ಬಿಡಿಸೋಣ ಅಂದರೆ ತಡವಾಗಿತ್ತು. ಇಲ್ಲಿ ಮಾಮೂಲಿ ಸೆಮಿಸ್ಟರಿನಲ್ಲಿ ಕ್ಲಾಸು ನಡೆಯುವ ದಿನಗಳ ಲೆಕ್ಕದಲ್ಲಿ 12ನೇ ದಿನದೊಳಗೆ ಕೋರ್ಸ್ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಕಾಲೇಜಿನ ಅಂಕಪಟ್ಟಿಯಲ್ಲಿ) ಏನೂ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ 'ಡಬ್ಲ್ಯೂ' ಬೀಳುತ್ತೆ, ಅಂದರೆ ಕೋರ್ಸನ್ನು ಮಧ್ಯದಲ್ಲೇ ಬಿಟ್ಟರು ಅನ್ನೋ ಗುರುತು. ಆ ಅಕ್ಷರಕ್ಕೆ ನಾನು ಹೆದರಿಬಿಟ್ಟೆ. "ಹೇಗಾದರೂ ಮುಗಿಸಿಬಿಡು ಪುಟ್ಟಿ" ಅಂದೆ.

ಒಂದು ರಾತ್ರಿ ಒಂದು ಗಂಟೆಗೆ ನೀರು ಕುಡಿಯೋಕೆ ಎದ್ದು ಬಂದೆ. ಊಟದ ಟೇಬಲ್ ಮೇಲೆ ಲ್ಯಾಬ್ ಪುಸ್ತಕ ತೆರೆದಿತ್ತು, ಅದರ ಮೇಲೇ ತಲೆಯಿಟ್ಟು ನಿದ್ದೆ ಹೋಗಿದ್ದಳು. ಜೀವಕೋಶದ ಚಿತ್ರ ಅರ್ಧ ಆಗಿತ್ತು. ಕೆನ್ನೆಗೆಲ್ಲ ಪೆನ್ಸಿಲ್ ಮಸಿ. ಅವತ್ತೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಬಯಾಲಜಿಯಲ್ಲಿ ಕೊನೆಗೆ 'ಸಿ' ಬಂತು. ಈಗ ಅವಳು ಕಾಲೇಜಿನಲ್ಲಿದ್ದಾಳೆ, ಡಾಕ್ಟರ್ ಆಗಬೇಕು ಅಂತಾಳೆ. ಮೆಡಿಕಲ್ ಸ್ಕೂಲಿನ ಅರ್ಜಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜ್ ಕೋರ್ಸುಗಳನ್ನೂ ಹಾಕಲೇಬೇಕು, ಆ ಗ್ರೇಡೂ ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಬರುತ್ತೆ. ಅದೇ ಕೋರ್ಸನ್ನು ಮತ್ತೆ ಮಾಡಿ 'ಎ' ತಗೊಂಡರೂ ಹಳೇ 'ಸಿ' ಅಳಿಸುವುದಿಲ್ಲ, ಎರಡನ್ನೂ ಸೇರಿಸುತ್ತಾರೆ. ಹೈಸ್ಕೂಲಿನಲ್ಲೇ ಓದಿ ಬರೆಯುವ ಕಾಲೇಜ್ ಮಟ್ಟದ ಎಪಿ ಪರೀಕ್ಷೆಯಾಗಿದ್ದರೆ ಕಮ್ಮಿ ಸ್ಕೋರನ್ನು ಕಾಲೇಜಿಗೆ ಕಳಿಸದೆ ಸುಮ್ನೆ ಇದ್ದುಬಿಡಬಹುದಿತ್ತು. ಹದಿನಾರನೇ ವಯಸ್ಸಿನ ಒಂದು ಸೆಮಿಸ್ಟರ್ ಇಷ್ಟು ದೂರ ಬೆನ್ನು ಹತ್ತುತ್ತೆ ಅಂತ ಸಹಿ ಹಾಕುವಾಗ ಯಾರೂ ನಮಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದುಡ್ಡಾದರೂ ಉಳಿಯಿತಾ? ಅದೂ ಇಲ್ಲ. ಟೆಕ್ಸಸ್‌ನ ಸರ್ಕಾರಿ ಯೂನಿವರ್ಸಿಟಿಯಾಗಿದ್ದರೆ ಇಂಗ್ಲಿಷ್, ಹಿಸ್ಟರಿ ಎರಡನ್ನೂ ಒಪ್ಪಿಕೊಳ್ಳುತ್ತಿದ್ದರು. ಅವಳು ಸೇರಿದ್ದು ಬೇರೆ ರಾಜ್ಯದ ಖಾಸಗಿ ಕಾಲೇಜು. ಹೈಸ್ಕೂಲ್ ಡಿಪ್ಲೊಮಾಗೆ ಲೆಕ್ಕ ಹಾಕಿದ ಕೋರ್ಸುಗಳಿಗೆ ನಾವು ಕ್ರೆಡಿಟ್ ಕೊಡಲ್ಲ ಅಂದರು. ಅದಕ್ಕೇ ಮಗು ಹೋಗಬಹುದಾದ ನಾಲ್ಕೈದು ಕಾಲೇಜುಗಳ ನಿಯಮವನ್ನು ನೀವೇ ಕೂತು ಓದಿ. ನೆಂಟರ ಮಗನಿಗೆ ಸಿಕ್ಕಿತು ಅಂತ ನಂಬಬೇಡಿ. ಮೊದಲ ಸೆಮಿಸ್ಟರಿಗೆ ಒಂದೇ ಕೋರ್ಸ್ ಸಾಕು, ಅದೂ ಮಗುವಿಗೆ ಇಷ್ಟವಾದದ್ದು.

ಈಗಾಗಲೇ ನಿಮ್ಮ ಮಗು ಕೋರ್ಸಿನ ಮಧ್ಯೆ ಒದ್ದಾಡುತ್ತಿದ್ದರೆ, ಬಿಡೋಕೆ ಕೊನೇ ದಿನ ಯಾವುದು ಅಂತ ಇವತ್ತೇ ನೋಡಿ, ಸ್ಕೂಲ್ ಕೌನ್ಸೆಲರ್ ಹತ್ತಿರ ಮಾತಾಡಿ. ನಾನು ಅಷ್ಟು ಹೆದರಿದ ಆ 'ಡಬ್ಲ್ಯೂ' ಜಿಪಿಎಗೆ ಸೇರುವುದೇ ಇಲ್ಲ.